ಎಲಿಜಬೆತ್ ವೊನಾರ್ಬುರ್ಗ್: ಫ್ರೆಂಚ್ ವೈಜ್ಞಾನಿಕ ಕಥಾಸಾಹಿತ್ಯದ ಲೇಖಕಿ, ಸಂಪಾದಕಿ

ಫ್ರೆಂಚ್ ಭಾಷೆಯ ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಎಲಿಜಬೆತ್ ವೊನಾರ್ಬುರ್ಗ್ ಅವರದು ಗಣ್ಯವಾದ ಹೆಸರು. 1947ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಅವರು 1973ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯಕ್ಕೆ ತೆರಳಿ ಶಿಕೂಟಿಮಿ ಎಂಬ ಊರಿನಲ್ಲಿ ನೆಲೆಸಿದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯವನ್ನು ಬೋಧಿಸಿದರು. ಫ್ರೆಂಚ್ ಪ್ರಕಾಶನದ ಕೇಂದ್ರವಾದ ಪ್ಯಾರಿಸ್ಸಿನಿಂದ ಸಾಗರದಾಚೆಗಿನ ಈ ಊರೇ ಅವರ ಕರ್ಮಭೂಮಿಯಾಯಿತು.

ಕ್ವಿಬೆಕ್‌ನಲ್ಲಿ ಈ ಪ್ರಕಾರ ಆಗಿನ್ನೂ ಬೇರೂರುತ್ತಿತ್ತು. ನಾರ್ಬರ್ಟ್ ಸ್ಪೆಹ್ನರ್ 1974ರಲ್ಲಿ 'ರೆಕ್ವಿಯೆಮ್' ಎಂಬ ಪತ್ರಿಕೆಯನ್ನು ಆರಂಭಿಸಿದ್ದರು. 1979ರಲ್ಲಿ ಅದು 'ಸೊಲಾರಿಸ್' ಎಂಬ ಹೊಸ ಹೆಸರನ್ನು ಪಡೆಯಿತು. ಅದೇ ವರ್ಷ ಅದರ ಸಾಹಿತ್ಯ ವಿಭಾಗದ ಹೊಣೆ ಹೊತ್ತ ವೊನಾರ್ಬುರ್ಗ್, 1990ರವರೆಗೆ ಅದನ್ನು ನಿರ್ವಹಿಸಿದರು. 1979ರಲ್ಲಿಯೇ ಶಿಕೂಟಿಮಿಯಲ್ಲಿ 'ಬೊರೆಯಾಲ್' ಸಮ್ಮೇಳನವನ್ನೂ ಸಂಘಟಿಸಿದರು. ಹೊಸಬರಿಗಾಗಿ ಬರವಣಿಗೆಯ ಕಮ್ಮಟಗಳನ್ನು ನಡೆಸಿದ ಅವರು, 1986ರಲ್ಲಿ ಕಥಾರಚನೆಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಹೀಗೆ ಪತ್ರಿಕೆ, ಸಮ್ಮೇಳನ, ಕಮ್ಮಟಗಳ ಮೂಲಕ ಚದುರಿಹೋಗಿದ್ದ ಲೇಖಕರಿಗೆ ಒಂದು ಮನೆ ದೊರೆಯಿತು.

ಅವರ ಮೊದಲ ಕಾದಂಬರಿ 'ನಗರದ ಮೌನ' (1981) ಮರುವರ್ಷವೇ ಫ್ರಾನ್ಸಿನ ವೈಜ್ಞಾನಿಕ ಕಥಾಸಾಹಿತ್ಯದ ಮಹಾಪ್ರಶಸ್ತಿಗೆ ಪಾತ್ರವಾಯಿತು. 1992ರ 'ತಾಯಂದಿರ ನಾಡಿನ ವೃತ್ತಾಂತಗಳು' ಅವರ ಅತ್ಯಂತ ಪ್ರಸಿದ್ಧ ಕೃತಿ. ಗಂಡುಮಕ್ಕಳ ಜನನವೇ ವಿರಳವಾದ ಭವಿಷ್ಯದ ಸಮಾಜವೊಂದು ಅದರ ವಸ್ತು. ಅದರ ಆಂಗ್ಲ ಅನುವಾದಕ್ಕೆ ಫಿಲಿಪ್ ಕೆ. ಡಿಕ್ ಪ್ರಶಸ್ತಿಯ ವಿಶೇಷ ಮನ್ನಣೆ ದೊರೆಯಿತು.

ಈ ಕೃತಿಯ ಭಾಷಾಪ್ರಯೋಗ ವಿಶೇಷವಾಗಿ ಉಲ್ಲೇಖನೀಯ. ಕನ್ನಡದಲ್ಲಿ 'ಅವರು ಬಂದರು' ಎಂದಾಗ ಬಂದವರು ಸ್ತ್ರೀಯರೋ ಪುರುಷರೋ ತಿಳಿಯದು. ಫ್ರೆಂಚಿನಲ್ಲಾದರೋ ನೂರು ಸ್ತ್ರೀಯರ ನಡುವೆ ಒಬ್ಬ ಪುರುಷನಿದ್ದರೂ ಇಡೀ ಗುಂಪಿಗೆ ಪುಲ್ಲಿಂಗವೇ ಸಲ್ಲುತ್ತದೆ. ತಾಯಂದಿರ ನಾಡಿನಲ್ಲಿ ಈ ನಿಯಮ ತಲೆಕೆಳಗಾಗುತ್ತದೆ. ಮಗುವಿಗಿರುವ 'ಆಂಫಾಂ' ಎಂಬ ಪದ ಅಲ್ಲಿ 'ಆಂಫಾಂತ್' ಎಂಬ ಸ್ತ್ರೀಲಿಂಗ ರೂಪ ತಾಳುತ್ತದೆ. ಅಧಿಕಾರ ಯಾರ ಕೈಯಲ್ಲಿದೆಯೆಂಬುದನ್ನು ವ್ಯಾಕರಣವೇ ಸಾರುತ್ತದೆಂದು ಓದುಗನಿಗೆ ಮನವರಿಕೆಯಾಗುವುದು ಇಲ್ಲಿಯೇ.

ಅನಂತರ ಐದು ಸಂಪುಟಗಳ 'ಟಿರನಯೆಲ್' (1996–97) ಕಾದಂಬರಿಮಾಲೆ ಹೊರಬಂದಿತು. ಗೈ ಗೇವ್ರಿಯಲ್ ಕೇ ಅವರ 'ಫಿಯೊನಾವರ್' ಕಾದಂಬರಿತ್ರಯವನ್ನು ಫ್ರೆಂಚಿಗೆ ಅನುವಾದಿಸಿದವರೂ ಇವರೇ.

ಸ್ವಂತ ಕೃತಿಗಳಿಂದ ಕೀರ್ತಿ ಗಳಿಸಿದ ಲೇಖಕರು ಅನೇಕರು. ಇತರರ ಹಸ್ತಪ್ರತಿಗಳಿಗಾಗಿ ಹನ್ನೊಂದು ವರ್ಷ ಶ್ರಮಿಸಿದವರು ವಿರಳ. 'ಸೊಲಾರಿಸ್' ಅರ್ಧ ಶತಮಾನವನ್ನು ದಾಟಿ ಬಾಳಿದ್ದರಲ್ಲಿ ಆ ಶ್ರಮದ ಪಾಲೂ ಇದೆ.