ಗಾಳಿಪಟದ ಹಬ್ಬವೂ ಪರದೇಶವಾಸವೂ

ಹುಟ್ಟಿದ ನಾಡನ್ನು ಬಿಟ್ಟು ಪರದೇಶದಲ್ಲಿ ನೆಲಸಿದವರು ತಮ್ಮ ಹಬ್ಬಹರಿದಿನಗಳನ್ನೂ ಜತೆಯಲ್ಲಿ ಕೊಂಡೊಯ್ಯುವರೆಂಬುದು ಲೋಕಪ್ರಸಿದ್ಧವಾದ ಮಾತು. ಆದರೆ ಹಬ್ಬವೆಂಬುದಕ್ಕೆ ಎರಡು ಅಂಗಗಳುಂಟು. ಆಚರಿಸುವ ಕ್ರಿಯೆ ಒಂದು; ಅದನ್ನು ಆಚರಿಸುವ ಕಾಲ ಮತ್ತೊಂದು. ಇವೆರಡರಲ್ಲಿ ವಲಸೆಗಾರನ ಸಂಗಡ ಹೋಗುವುದು ಯಾವುದು, ಹಿಂದುಳಿಯುವುದು ಯಾವುದು, ಅದಕ್ಕೆ ಕಾರಣವೇನು ಎಂಬುದನ್ನು ವಿಚಾರಮಾಡುವುದಕ್ಕೆ ಗಾಳಿಪಟದ ಹಬ್ಬವು ಬಹಳ ಅನುಕೂಲವಾದ ನಿದರ್ಶನವಾಗಿದೆ.

ಮೊದಲು ಶಬ್ದವನ್ನು ನೋಡೋಣ. ಹಿಂದೀ ಮೊದಲಾದ ಭಾಷೆಗಳಲ್ಲಿ ಈ ವಸ್ತುವಿಗೆ ‘ಪತಂಗ’ವೆಂದು ಹೆಸರು. ಅಮರಕೋಶದ ನಾನಾರ್ಥವರ್ಗದಲ್ಲಿ ಪತಂಗ ಶಬ್ದಕ್ಕೆ ಪಕ್ಷಿ, ಸೂರ್ಯ ಎಂಬ ಅರ್ಥಗಳನ್ನು ಹೇಳಿದೆಯಲ್ಲದೆ ಈ ಅರ್ಥವನ್ನು ಹೇಳಿಲ್ಲ. ಕನ್ನಡದ ‘ಗಾಳಿಪಟ’ವಾದರೋ ದೇಶ್ಯವಾದ ಗಾಳಿಯನ್ನೂ ಸಂಸ್ಕೃತದ ಪಟವನ್ನೂ ಕೂಡಿಸಿ ಮಾಡಿದ ಅರಿಸಮಾಸ. ಸೂತ್ರ, ಬಾಲಂಗೋಚಿ ಎಂಬ ಅದರ ಅಂಗಗಳ ಹೆಸರುಗಳೂ ನಮ್ಮ ಹುಡುಗರ ಬಾಯಲ್ಲಿ ಬಳಕೆಯಾಗಿರುವುವು.

ಭರತಖಂಡದಲ್ಲಿ ಈ ಆಟಕ್ಕೆ ಒಂದೇ ದಿನವೆಂಬುದಿಲ್ಲ. ಗುಜರಾತಿನಲ್ಲಿ ಮಕರಸಂಕ್ರಾಂತಿ, ಪಂಜಾಬಿನಲ್ಲಿ ವಸಂತಪಂಚಮಿ, ಲಖನೌವಿನಲ್ಲಿ ದೀಪಾವಳಿಯ ಮರುದಿನ, ಕಲ್ಕತ್ತೆಯಲ್ಲಿ ಭಾದ್ರಪದದ ಕಡೆಗೆ ಬರುವ ವಿಶ್ವಕರ್ಮಪೂಜೆ ಇದರ ಪರ್ವದಿನಗಳು. ನಮ್ಮ ನಾಡಿನಲ್ಲಿ ಆಷಾಢವೇ ಗಾಳಿಪಟದ ಮಾಸ. ದೊಡ್ಡಬಳ್ಳಾಪುರದ ಗಾಳಿಪಟದ ಉತ್ಸವವೂ ಆಗಲೇ ನಡೆಯುವುದು. ಇವುಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಎರಡು ಕಾರಣಗಳು ಕಾಣುವುವು. ಒಂದು, ಆಯಾ ಪ್ರಾಂತದ ಗಾಳಿ. ಇನ್ನೊಂದು, ಜನರ ಬಿಡುವು. ಆಷಾಢದಲ್ಲಿ ನೈಋತ್ಯದ ಗಾಳಿ ಬಯಲುಸೀಮೆಯ ಮೇಲೆ ಬಲವಾಗಿ ಬೀಸುವುದು. ಮದುವೆ ಮುಂಜಿಗಳಿಲ್ಲದ ಮಾಸವೂ ಅದೇ. ವಿಶ್ವಕರ್ಮಪೂಜೆಯಂದು ಕಮ್ಮಟ ಕಾರ್ಖಾನೆಗಳಲ್ಲಿ ಆಯುಧಗಳನ್ನು ಪೂಜಿಸಿ ಕೆಲಸವನ್ನು ನಿಲ್ಲಿಸುವರು.

ಹಾಗಾದರೆ ಒಂದು ಊರಿನ ಆಟಗಾರನು ಇನ್ನೊಂದು ಊರಿಗೆ ಹೋದಾಗ ಏನಾಗುವುದು? 1856ನೆಯ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅವಧ ರಾಜ್ಯವನ್ನು ವಶಪಡಿಸಿಕೊಂಡರು. ದೊರೆಯಾಗಿದ್ದ ವಾಜಿದ್ ಅಲಿ ಶಾಹನು ಅದೇ ವರ್ಷ ಲಖನೌವನ್ನು ಬಿಟ್ಟು ಕಲ್ಕತ್ತೆಗೆ ಬಂದನು. 1857ರ ದಂಗೆಯ ಕಾಲದಲ್ಲಿ ಫೋರ್ಟ್ ವಿಲಿಯಂ ಕೋಟೆಯಲ್ಲಿ ಸೆರೆಯಾಗಿದ್ದು, ಬಿಡುಗಡೆಯಾದ ಮೇಲೆ 1887ರಲ್ಲಿ ತೀರಿಕೊಳ್ಳುವವರೆಗೂ ಹೂಗ್ಲಿಯ ದಡದ ಮಟಿಯಾಬುರ್ಜಿನಲ್ಲಿಯೇ ಇದ್ದನು. ಅಡುಗೆ, ಸಂಗೀತ, ನೃತ್ಯ, ಪಕ್ಷಿಸಂಗ್ರಹಗಳೊಡನೆ ಲಖನೌವಿನ ಪ್ರತಿಕೃತಿಯೊಂದು ಅಲ್ಲಿ ಎದ್ದಿತು. ತಾರುಣ್ಯದ ಕೆಲವು ವರ್ಷಗಳನ್ನು ಅಲ್ಲಿ ಕಳೆದ ಅಬ್ದುಲ್ ಹಲೀಂ ಶರರ್ ಎಂಬ ಉರ್ದು ಗ್ರಂಥಕಾರನು ತನ್ನ ‘ಗುಜಿಶ್ತಾ ಲಖನೌ’ ಎಂಬ ಗ್ರಂಥದಲ್ಲಿ ಲಖನೌವಿನ ವಿನೋದಗಳನ್ನು ವರ್ಣಿಸುವಾಗ ಗಾಳಿಪಟಕ್ಕೂ ಸ್ಥಾನವನ್ನು ಕೊಟ್ಟಿರುವನು. ಕಲ್ಕತ್ತೆಯಲ್ಲಿ ಈ ಆಟಕ್ಕೆ ಬಂದ ಪ್ರತಿಷ್ಠೆಯು ನವಾಬನ ಪರಿವಾರದಿಂದ ಬಂದದ್ದೆಂದು ಆ ಊರಿನ ಐತಿಹ್ಯ. ಅದನ್ನು ಒಪ್ಪಿಕೊಂಡರೂ ಒಂದು ಸಂಗತಿ ಉಳಿಯುವುದು: ದೀಪಾವಳಿಯ ಮರುದಿನವು ಕಲ್ಕತ್ತೆಯಲ್ಲಿ ಬೇರೂರಲಿಲ್ಲ. ಊರವರು ಪರಸ್ಥಳದ ಕುಶಲತೆಯನ್ನು ಸ್ವೀಕರಿಸಿ, ದಿನವನ್ನು ಮಾತ್ರ ತಮ್ಮದನ್ನೇ ಇಟ್ಟುಕೊಂಡರು.

ಅದೇ ಹೊಳೆಯ ದಡದಲ್ಲಿ, ಮಟಿಯಾಬುರ್ಜಿಗೆ ಸೇರಿದಂತಿರುವ ಗಾರ್ಡನ್ ರೀಚಿನಲ್ಲಿ, ಸಮುದ್ರದಾಚೆಯ ಕಬ್ಬಿನ ತೋಟಗಳಿಗೆ ಕೂಲಿಗಳನ್ನು ಕಳುಹಿಸುವ ಡಿಪೋಗಳಿದ್ದುವು. ದಕ್ಷಿಣ ಅಮೆರಿಕದ ಗಯಾನಾ ದೇಶಕ್ಕೆ ಭಾರತೀಯರ ಮೊದಲ ಹಡಗುಗಳು ಮುಟ್ಟಿದ್ದು 1838ನೆಯ ಮೇ 5ರಂದು. 1917ರ ವರೆಗೆ ಹೋದವರು ಸುಮಾರು 2,39,000 ಮಂದಿ; ಅವರಲ್ಲಿ ಹೆಚ್ಚಿನವರು ಅವಧ, ಭೋಜಪುರ, ಬಿಹಾರಗಳ ಕಡೆಯವರು. ಮೂರರಲ್ಲೆರಡು ಪಾಲು ಜನ ಹಿಂದಿರುಗಲೇ ಇಲ್ಲ. ಇವರ ಸಂತತಿಯವರೂ ಆಫ್ರಿಕದ ಮೂಲದವರೂ ಇತರರೂ ಸೇರಿ ಈಸ್ಟರಿನ ಮರುದಿನವಾದ ಸೋಮವಾರ ಜಾರ್ಜ್‌ಟೌನಿನ ಕಡಲ ಕಟ್ಟೆಯ ಮೇಲೂ ಊರೂರ ಬಯಲುಗಳಲ್ಲೂ ಗಾಳಿಪಟವನ್ನು ಹಾರಿಸುವರು. ಮೂತಿಗೆ ಕಾಗದದ ನಾಲಗೆಯನ್ನು ಕಟ್ಟಿ, ಗಾಳಿಯಲ್ಲಿ ಗುಂಯ್ಯೆಂದು ಹಾಡುವಂತೆ ಮಾಡುವುದು ಅಲ್ಲಿನ ವಿಶೇಷ. ಏಸುವಿನ ಪುನರುತ್ಥಾನಕ್ಕೆ ಇದು ಸಂಕೇತವೆಂದು ಕ್ರೈಸ್ತರು ಹೇಳುವರು. ಹಿಂದುಗಳೂ ಮುಸಲ್ಮಾನರೂ ಆ ಅರ್ಥದ ಗೊಡವೆಯಿಲ್ಲದೆ ದಾರವನ್ನು ಹಿಡಿಯುವರು. 1853ರಿಂದ ಅಲ್ಲಿಗೆ ಬಂದ ಚೀನೀ ಕೂಲಿಗಳು ಈ ಆಟವನ್ನು ತಂದರೆಂಬುದು ಪ್ರಚಲಿತವಾದ ಐತಿಹ್ಯ.

ಈ ದಿನವು ಹೇಗೆ ಒದಗಿತು? ವಿಷುವತ್ಕಾಲದ ತರುವಾಯದ ಹುಣ್ಣಿಮೆಯಾದ ಮೇಲೆ ಬರುವ ಆದಿತ್ಯವಾರವೇ ಈಸ್ಟರು. ಆ ಹುಣ್ಣಿಮೆ ಹೆಚ್ಚಾಗಿ ನಮ್ಮ ಚೈತ್ರದ್ದು, ಕೆಲವು ವರ್ಷಗಳಲ್ಲಿ ಫಾಲ್ಗುಣದ್ದು. ಆಗ ಗಯಾನಾದ ಕರಾವಳಿಯಲ್ಲಿ ಮಳೆ ಕಡಿಮೆ. ಈಶಾನ್ಯದ ಕಡಲಗಾಳಿ ಒಂದೇ ಸಮನಾಗಿ ಬೀಸುತ್ತಿರುವುದು. ಗಾಳಿಯೇ ದಿನವನ್ನು ನಿರ್ಣಯಿಸಿತೆಂದು ಇಲ್ಲಿಗೆ ಪೂರ್ವಪಕ್ಷ.

ಆದರೆ ಆ ಗಾಳಿಯು ಒಂದು ದಿನಕ್ಕೆ ಮಾತ್ರ ಬರುವುದಲ್ಲ, ವಾರಗಟ್ಟಲೆ ಇರುವುದು. ಅಷ್ಟು ದಿನಗಳಲ್ಲಿ ಈ ಸೋಮವಾರವೇ ಏಕೆ? ಐದು ವರ್ಷದ ಕರಾರಿಗೆ ಕಟ್ಟುಬಿದ್ದ ಕೂಲಿಯು ಅಪ್ಪಣೆಚೀಟಿಯಿಲ್ಲದೆ ತೋಟವನ್ನು ಬಿಟ್ಟು ಹೋದರೆ ದಂಡಕ್ಕೂ ಸೆರೆಗೂ ಗುರಿಯಾಗುತ್ತಿದ್ದನು. ಅವನ ಬಿಡುವು ಅವನ ಪಂಚಾಂಗದಲ್ಲಿರಲಿಲ್ಲ, ಒಡೆಯರ ಪಂಚಾಂಗದಲ್ಲಿತ್ತು. ಎಲ್ಲ ಜಾತಿಮತಗಳವರಿಗೂ ಒಟ್ಟಿಗೆ ಕೈಬಿಡುವಾಗುವ ದಿನವೆಂದರೆ ಇಗರ್ಜಿಯ ರಜೆಯ ದಿನವೇ. ಆದಕಾರಣ ಗಾಳಿಯು ಋತುವನ್ನು ಕೊಟ್ಟಿತು, ರಜೆಯು ದಿನವನ್ನು ಕೊಟ್ಟಿತು ಎಂಬುದೇ ಯುಕ್ತವಾಗಿ ಕಾಣುವುದು.

ಇದಕ್ಕೆ ವಿರುದ್ಧದ ಮುಖದಿಂದಲೂ ಒಂದು ಸಮರ್ಥನೆಯುಂಟು. 1966ರಲ್ಲಿ ಗಯಾನಾ ಸ್ವತಂತ್ರವಾಯಿತು. ಅದರ ಹಿಂದುಮುಂದಿನ ವರ್ಷಗಳಿಂದ ಅಲ್ಲಿಯವರು ದೊಡ್ಡ ಸಂಖ್ಯೆಯಲ್ಲಿ ನ್ಯೂಯಾರ್ಕು, ಟೊರಾಂಟೊ ನಗರಗಳಿಗೆ ಹೋಗಿ ನೆಲಸಿರುವರು. ಟೊರಾಂಟೊದಲ್ಲಿ ಆ ಕಾಲಕ್ಕೆ ಚಳಿ ಬಿಟ್ಟಿರುವುದಿಲ್ಲ. ಈಸ್ಟರಿನ ಸೋಮವಾರವು ಎಲ್ಲರಿಗೂ ರಜೆಯ ದಿನವೂ ಅಲ್ಲ. ಆದರೂ ಅವರು ಬೆಚ್ಚನೆಯ ಅಂಗಿಗಳನ್ನು ತೊಟ್ಟು ಅದೇ ಸೋಮವಾರ ಉದ್ಯಾನಗಳಲ್ಲಿ ಗಾಳಿಪಟವನ್ನು ಹಾರಿಸುವರು. ಬೇಸಗೆಯ ಒಳ್ಳೆಯ ಬಿಸಿಲಿಗಾಗಿ ಕಾಯುವುದಿಲ್ಲ. ಇಲ್ಲಿ ಗಾಳಿಯೂ ರಜೆಯೂ ಎರಡೂ ಪ್ರತಿಕೂಲವಾಗಿದ್ದರೂ ದಿನವು ಉಳಿದಿದೆ. ಪರಾಧೀನರಾಗಿ ಹೋದ ಮುತ್ತಜ್ಜಂದಿರು ಪರರ ದಿನವನ್ನು ಒಪ್ಪಿಕೊಳ್ಳಬೇಕಾಯಿತು. ಸ್ವೇಚ್ಛೆಯಿಂದ ಹೋದ ಮರಿಮಕ್ಕಳು ಅದೇ ದಿನವನ್ನು ತಮ್ಮ ತವರಿನ ದಿನವೆಂದು ಕೊಂಡೊಯ್ದರು.

ನಮ್ಮ ಶರಣರ ಪರಿಭಾಷೆಯನ್ನು ಇಲ್ಲಿಗೆ ತರಬಹುದಾದರೆ, ಆಟವು ಜಂಗಮ, ದಿನವು ಸ್ಥಾವರ ಎಂಬುದು ಸಾಮಾನ್ಯ ಲಕ್ಷಣ. ತನ್ನ ಕಾಲಕ್ಕೆ ತಾನೇ ಒಡೆಯನಾದ ವಲಸೆಗಾರನಲ್ಲಿ ಸ್ಥಾವರವೂ ಜಂಗಮವಾಗುವುದೆಂಬುದು ಅದರ ಅಪವಾದ. ಹೀಗಿರುವುದರಿಂದ, ಒಂದು ಹಬ್ಬವು ಯಾವ ಮತದ ಪರ್ವದಂದು ನಡೆಯುವುದೆಂಬುದನ್ನು ಮಾತ್ರ ನೋಡಿ ಅದರ ಮೂಲವನ್ನು ನಿರ್ಣಯಿಸುವ ಪದ್ಧತಿಯು ನಿರಾಧಾರವೆಂದು ತಿಳಿಯಬೇಕು. ಈಸ್ಟರಿನ ಗಾಳಿಪಟದಿಂದ ಕ್ರೈಸ್ತಮೂಲವನ್ನಾಗಲಿ, ಸಂಕ್ರಾಂತಿಯ ಗಾಳಿಪಟದಿಂದ ವೈದಿಕಮೂಲವನ್ನಾಗಲಿ ಊಹಿಸುವುದಕ್ಕೆ ಆಸ್ಪದವಿಲ್ಲ. ಆ ದಿನ ಯಾರಿಗೆ ಬಿಡುವಿತ್ತು, ಆ ಬಿಡುವನ್ನು ಕೊಟ್ಟವರು ಯಾರು ಎಂಬುದನ್ನು ಹಬ್ಬಗಳ ಚರಿತ್ರೆಯನ್ನು ಬರೆಯುವವರು ಮೊದಲು ಕೇಳಬೇಕು. ನಮ್ಮ ಆಷಾಢದ ಗಾಳಿಪಟವನ್ನು ಕುರಿತೂ ಈ ದೃಷ್ಟಿಯಿಂದ ಪ್ರತಿಯೊಂದು ಸೀಮೆಯ ವಿದ್ವಾಂಸರು ತಮ್ಮ ತಮ್ಮ ಊರುಗಳ ವಾಡಿಕೆಯನ್ನು ಸಂಗ್ರಹಿಸಿದರೆ ಬಹಳ ಉಪಕಾರವಾಗುವುದು.