ಶಾಪ ಹಾಕಿದವಳಿಗೂ ಪೂಜೆ

ರಕ್ತಪಿಶಾಚಿ, ಪ್ರೇಮ, ಅರಮನೆಯ ಪಿತೂರಿ ಎಲ್ಲ ಸೇರಿದ ದಪ್ಪ ಕಾದಂಬರಿಗಳನ್ನು ನನ್ನ ಮಗಳು ಓದುತ್ತಾಳೆ. ನಾಗಮಂಗಲದವನಾದ ನನಗೆ ಅಂಥ ಕಥೆ ಎಂದರೆ ಶ್ರೀರಂಗಪಟ್ಟಣದ್ದೇ.

1610ರಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲರಾಜನ ಪಟ್ಟಣ ಮೈಸೂರಿನ ರಾಜ ಒಡೆಯರ ಕೈಸೇರಿತು. ಬೆನ್ನುಹುಣ್ಣು ವಾಸಿಯಾಗಲೆಂದು ತಲಕಾಡಿನ ವೈದ್ಯನಾಥೇಶ್ವರನ ಮೊರೆಹೊಕ್ಕ ಆತ, ಪಟ್ಟಣವನ್ನು ತಾನೇ ಒಪ್ಪಿಸಿ ಹೋದನಂತೆ. ಗೆದ್ದವರ ಕಡೆಯ ಮಾತು. ನಾನು ಪೂರ್ತಿ ನಂಬುವುದಿಲ್ಲ. ಅವನ ಹೆಂಡತಿ ಅಲಮೇಲಮ್ಮನ ಒಡವೆಗಳನ್ನು ಮಂಗಳವಾರ, ಶುಕ್ರವಾರ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದರು. ಅವನ್ನು ತರಲು ಸೈನಿಕರು ಬಂದಾಗ ಮುತ್ತಿನ ಮೂಗುತಿ ಕೊಟ್ಟು, ಉಳಿದದ್ದನ್ನು ಮಡಿಲಲ್ಲಿ ಕಟ್ಟಿಕೊಂಡು ಮಾಲಂಗಿಯ ಮಡುವಿಗೆ ಹಾರಿದಳೆಂಬುದು ಐತಿಹ್ಯ. ಹಾರುವ ಮುನ್ನ ಅವಳು ಹಾಕಿದ ಶಾಪ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ.

ತಲಕಾಡಿನ ಮರಳಿಗೆ ಹೊಳೆಯ ತಿರುವು, ಗಾಳಿ ಎರಡೇ ಸಾಕು, ಶಾಪ ಬೇಕಿಲ್ಲ. ಸಂತಾನದ ಸಂಗತಿ ಮಾತ್ರ ವಿಚಿತ್ರ. ನಾಲ್ವಡಿ ಕೃಷ್ಣರಾಜರಿಗೆ ಮಕ್ಕಳಿರಲಿಲ್ಲ; ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ಅವರಿಗೆ ಮಗ ಹುಟ್ಟಿದ. ಆ ಮಗ ಶ್ರೀಕಂಠದತ್ತರಿಗೆ ಮಕ್ಕಳಾಗಲಿಲ್ಲ. ದತ್ತು ಬಂದ ಯದುವೀರರಿಗೆ 2017ರ ಡಿಸೆಂಬರಿನಲ್ಲಿ ಗಂಡುಮಗುವಾದಾಗ ಶಾಪ ಕಳೆಯಿತೆಂದು ಜನ ಸಂಭ್ರಮಿಸಿದರು. ಒಂದು ತಲೆಮಾರು ಬಿಟ್ಟು ಹಿಡಿಯುವ ಶಾಪವಾದರೆ ಅದಕ್ಕೆ ಅರ್ಥವೇ ಇಲ್ಲ.

ಅರಮನೆಯವರು ಮಾತ್ರ ಅಷ್ಟು ಧೈರ್ಯ ಮಾಡಲಿಲ್ಲ: ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ವಿಗ್ರಹಕ್ಕೆ ಪೂಜೆ ನಡೆಯುತ್ತ ಬಂದಿದೆ.