ನಮ್ಮ ಪ್ಯಾಟಿಗೆ ಬರುವ ಸಮುದ್ರದ ಮೀನು: ಅಗ್ಗದ ಬಾಂಗಡಾದಲ್ಲೇ ಸತ್ವ ಜಾಸ್ತಿ, ಆದರೆ ಐಸ್ ನೋಡಿ ತಗೊಳ್ಳಿ

ಘಟಪ್ರಭಾ: ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮೀನು ತಿನ್ನುವ ಮನೆಗಳಿಗೆ ಕಟ್ಲಾ, ರೋಹು ಹೊಸತಲ್ಲ. ಇವುಗಳ ಜೊತೆಗೆ ಗೋವಾ, ಮಾಲವಣ, ಕಾರವಾರದ ಸಮುದ್ರ ಮೀನೂ ಘಾಟ್ ಹತ್ತಿ ಬೆಳಗಾವಿ ಮೇಲಿಂದ ಇಲ್ಲಿಗೆ ಬರುತ್ತದೆ. ಸುರಮಾಯಿ, ಪಾಪಲೇಟ್ ದುಬಾರಿ; ಬಾಂಗಡಾ (ಬಂಗುಡೆ), ತಾರ್ಲಿ ಅಗ್ಗ. ಆದರೆ ಹೆಚ್ಚು ರೊಕ್ಕ ಕೊಟ್ಟರೆ ಹೆಚ್ಚು ಸತ್ವ ಎಂಬ ಲೆಕ್ಕ ಮೀನಿಗೆ ನಡೆಯುವುದಿಲ್ಲ.

ಏನೇನು ಸಿಗುತ್ತದೆ?

ನೂರು ಗ್ರಾಂ ಬಾಂಗಡಾದಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಮೂರು ಕೋಳಿ ಮೊಟ್ಟೆಯಷ್ಟು. ಪ್ರೋಟೀನ್ ವಿಷಯದಲ್ಲಿ ಕೆರೆ ಮೀನೇನೂ ಕಡಿಮೆ ಇಲ್ಲ. ವ್ಯತ್ಯಾಸ ಇರುವುದು ಕೊಬ್ಬಿನಲ್ಲಿ. ಬಾಂಗಡಾ, ತಾರ್ಲಿಯಂಥ ಎಣ್ಣೆ ಮೀನಿನಲ್ಲಿ ಹೃದಯಕ್ಕೂ ಮಕ್ಕಳ ಮೆದುಳಿನ ಬೆಳವಣಿಗೆಗೂ ಬೇಕಾದ ಒಮೆಗಾ-3 ಕೊಬ್ಬು ಕಟ್ಲಾ, ರೋಹುಗಿಂತ ಬಹಳ ಹೆಚ್ಚು. ಮಳೆಗಾಲ ಮುಗಿದ ಮೇಲೆ ಸಿಗುವ ತಾರ್ಲಿಯಲ್ಲಿ ಎಣ್ಣೆ ಇನ್ನೂ ಜಾಸ್ತಿ. ವಿಟಮಿನ್ ಡಿ, ಬಿ12, ಅಯೋಡಿನ್ ಕೂಡ ಸಿಗುತ್ತವೆ. ಸಣ್ಣ ಮೀನನ್ನು ಮೆತ್ತಗೆ ಬೇಯಿಸಿ ಮುಳ್ಳು ಸಮೇತ ತಿಂದರೆ ಕ್ಯಾಲ್ಸಿಯಂ ಸಹ.

ನಮ್ಮ ಅಗಸಿ ಹಿಂಡಿಯಲ್ಲೂ ಒಮೆಗಾ-3 ಇದೆಯಲ್ಲ ಎಂದು ಕೇಳುವವರಿದ್ದಾರೆ. ಖರೆ, ಇದೆ. ಆದರೆ ಅದು ಬೇರೆ ರೂಪದ್ದು. ಮೀನಿನಲ್ಲಿರುವ ರೂಪಕ್ಕೆ ಅದನ್ನು ನಮ್ಮ ದೇಹ ಬದಲಿಸಿಕೊಳ್ಳುವುದು ಬಹಳ ಸ್ವಲ್ಪ. ಮೀನು ಮುಟ್ಟದವರಿಗೆ ಅಗಸಿ ಒಳ್ಳೆಯದೇ, ಬಿಡಬೇಡಿ.

ವಾರಕ್ಕೆ 100ರಿಂದ 200 ಗ್ರಾಂ ಮೀನು ತಿನ್ನಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2011ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಕ್ಕಿಂತ ಸಾರು ಮಾಡುವುದು ವಾಸಿ. ಒಣ ಮೀನಿನಲ್ಲಿ ಉಪ್ಪು ವಿಪರೀತ, ಬಿಪಿ ಇದ್ದವರು ದೂರ ಇರಬೇಕು. ಶಾರ್ಕ್ (ಮೋರಿ) ಥರದ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಸೇರಿಕೊಂಡಿರುವುದರಿಂದ ಗರ್ಭಿಣಿಯರಿಗೆ ಅದು ಬೇಡ.

ಘಾಟ್ ಹತ್ತಿ ಬರುವಷ್ಟರಲ್ಲಿ

ನಮಗೆ ಮುಖ್ಯ ಪ್ರಶ್ನೆ ಇದೇ. ಹತ್ತಿರದ ದಾರಿ ಹಿಡಿದರೂ ಸಮುದ್ರ ಇಲ್ಲಿಂದ ನೂರೈವತ್ತು ಕಿಲೋಮೀಟರ್ ಮೇಲೇ ಇದೆ. ಬಾಂಗಡಾ, ತಾರ್ಲಿ, ಟ್ಯೂನಾಗಳು ಬಿಸಿಗೆ ಸಿಕ್ಕರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಖಾರ ಹಾಕಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುವುದು, ಮೈ ತುರಿಕೆ, ತಲೆನೋವು, ವಾಂತಿ-ಭೇದಿ ಶುರುವಾಗಬಹುದು. ಉಸಿರಾಟಕ್ಕೆ ತೊಂದರೆ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಗೊಳ್ಳುವಾಗ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಬೆರಳಿನಿಂದ ಒತ್ತಿದ ತಗ್ಗು ತಕ್ಷಣ ಮೇಲೆ ಬರಬೇಕು. ಫಾರ್ಮಲಿನ್ ಹಾಕಿದ ಮೀನಿನ ಮೇಲೆ ನೊಣ ಕೂರಲ್ಲ ಎಂಬ ಮಾತನ್ನು ಪೂರ್ತಿ ನಂಬಬೇಡಿ. 2018ರಲ್ಲಿ ಗೋವಾದಲ್ಲಿ ಫಾರ್ಮಲಿನ್ ಗದ್ದಲ ಎದ್ದು, ಹೊರರಾಜ್ಯದ ಮೀನನ್ನೇ ಕೆಲ ದಿನ ತಡೆಹಿಡಿಯಲಾಗಿತ್ತು. ಇದನ್ನು ಕಾಗದದ ಪಟ್ಟಿಯಿಂದ ಪತ್ತೆ ಹಚ್ಚುವ ಕಿಟ್ ಅನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ತಯಾರಿಸಿದೆ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ 61 ದಿನ "ತಾಜಾ ಸಮುದ್ರ ಮೀನು" ಅಂದರೆ ನಾಡದೋಣಿಯದ್ದೋ, ಫ್ರೀಜರಿನದ್ದೋ, ಪೂರ್ವ ಕರಾವಳಿಯಿಂದ ದೂರ ಬಂದದ್ದೋ ಎಂದು ಕೇಳಿ ತಿಳಿದುಕೊಳ್ಳಿ. ಆಗ ಊರ ಹತ್ತಿರದ ಕೆರೆಯ ತಾಜಾ ಮೀನೇ ಲೇಸು.

ಅಂಗಡಿಕಾರರಿಗೂ ಒಂದು ಮಾತು: ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಎಂಬುದು ರೂಢಿಯ ಲೆಕ್ಕ. ಮೇಲೆ ಮಾತ್ರ ಉದುರಿಸಿದರೆ ಆಗದು. ಕೆಳಗೆ, ನಡುವೆ, ಮೇಲೆ ಪದರಪದರವಾಗಿ ಹಾಕಬೇಕು, ಕರಗಿದ ನೀರು ಹರಿದು ಹೋಗುವಂತೆ ಡಬ್ಬಿಗೆ ತೂತು ಇರಬೇಕು. ಸಂಜೆ ಉಳಿದ ಬಾಂಗಡಾವನ್ನು ಬಿಸಿಲಿಗೆ ಒಡ್ಡಿಟ್ಟು, ಮರುದಿನ ಐಸ್ ಹಾಕಿದರೆ ಉಪಯೋಗವಿಲ್ಲ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಐಸಿಗೂ ಹೋಗುವುದಿಲ್ಲ.